ನಿಮ್ಮ ಕೂಸು ನಿನ್ನೆ ಎಷ್ಟೊತ್ತಿಗೆ ಮಲಗಿತು?

(ಕೊಪ್ಪಳ ಹತ್ತಿರದ ಹಳ್ಳಿಯೊಂದರ ಶಾಲೆ ಅಂಗಳದಲ್ಲಿ ತಾಯಂದಿರು, ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರ ಮುಂದೆ ಮಕ್ಕಳ ವೈದ್ಯೆಯಾಗಿ ನಾನು ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮ ಮಗು ಏನು ಊಟ ಮಾಡಿತು? ನೋಡಿ, ಎಷ್ಟು ಕೈ ಎದ್ದವು! ಒಬ್ಬರು ಅರ್ಧ ರೊಟ್ಟಿ ಅಂದರು, ಇನ್ನೊಬ್ಬರು ಬರೀ ಮೊಸರನ್ನ ಅಂದರು, ಹಿಂದೆ ಕೂತಿರುವ ತಾಯಿ "ಏನೂ ತಿನ್ನಲಿಲ್ರಿ, ಎರಡು ತುತ್ತು ಅಷ್ಟೇ" ಅಂತ ಬೇಜಾರು ಮಾಡಿಕೊಂಡರು. ಸರಿ. ಈಗ ಎರಡನೇ ಪ್ರಶ್ನೆ. ಅದೇ ಮಗು ನಿನ್ನೆ ಎಷ್ಟೊತ್ತಿಗೆ ಮಲಗಿತು, ಬೆಳಿಗ್ಗೆ ಎಷ್ಟಕ್ಕೆ ಎದ್ದಿತು, ಒಟ್ಟು ಎಷ್ಟು ತಾಸು ನಿದ್ದೆ ಆಯಿತು?

ಮೂರು ಕೈ. ಇಷ್ಟು ಜನರಲ್ಲಿ ಮೂರೇ ಕೈ.

ನಾನು ಯಾರನ್ನೂ ಬೈಯುವುದಕ್ಕೆ ಇದನ್ನು ಕೇಳಲಿಲ್ಲ. ನಮ್ಮ ದವಾಖಾನೆಯಲ್ಲಿ ನಾವೂ ಕೇಳುವುದಿಲ್ಲ. ನಿಮ್ಮ ತಾಯಿ ಕಾರ್ಡ್ ತೆಗೆದು ನೋಡಿ, ತೂಕ ಬರೆಯಲು ಜಾಗ ಇದೆ, ಚುಚ್ಚುಮದ್ದು ಬರೆಯಲು ಜಾಗ ಇದೆ. ಅಂಗನವಾಡಿಗೆ ಹೋದರೆ ತಕ್ಕಡಿ ಇದೆ, ಎತ್ತರ ಅಳೆಯುವ ಪಟ್ಟಿ ಇದೆ. ನಿದ್ದೆಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಹೊಲದ ಕೆಲಸ, ಅಡುಗೆ, ಟಿವಿ, ಹೋಮ್‌ವರ್ಕ್, ಟ್ಯೂಷನ್ ಎಲ್ಲ ಮುಗಿದ ಮೇಲೆ ಎಷ್ಟು ಹೊತ್ತು ಉಳಿಯುತ್ತೋ ಅಷ್ಟು ಮಗುವಿಗೆ ನಿದ್ದೆ. ನಾನು ಇವತ್ತು ಮಾತಾಡುವುದು ಇದರ ಬಗ್ಗೆಯೇ. ಮಕ್ಕಳ ನಿದ್ದೆಗೆ ಮೊದಲು ಜಾಗ ಇಟ್ಟು, ಉಳಿದದ್ದನ್ನು ಅದರ ಸುತ್ತ ಹೊಂದಿಸಬೇಕು. ನಾವು ಉಲ್ಟಾ ಮಾಡುತ್ತಿದ್ದೇವೆ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. 7 ವರ್ಷ. ಗಿಣಿಗೇರಿ ಕಡೆಯಿಂದ ತಾಯಿ ಕರೆದುಕೊಂಡು ಬಂದಿದ್ದರು. "ಭಾಳ ಕಿಡಿಗೇಡಿ ಆಗ್ಯಾನ್ರಿ, ಒಂದ್ ಕಡೆ ಕೂಡಂಗಿಲ್ಲ, ಸಾಲ್ಯಾಗ ದಿನಾ ಕಂಪ್ಲೇಂಟು, ಏನರ ಟಾನಿಕ್ ಬರ್ದುಕೊಡ್ರಿ" ಅಂದರು. ಹುಡುಗ ನನ್ನ ಮೇಜಿನ ಮೇಲಿನ ಎಲ್ಲವನ್ನೂ ಮುಟ್ಟುತ್ತಿದ್ದ, ಕುರ್ಚಿ ತಿರುಗಿಸುತ್ತಿದ್ದ, ಮಾತಿಗೊಮ್ಮೆ ಅಳುಮುಖ ಮಾಡುತ್ತಿದ್ದ. ತೂಕ ಸರಿ ಇತ್ತು, ರಕ್ತ ಪರೀಕ್ಷೆ ಸರಿ ಇತ್ತು. ಎಷ್ಟಕ್ಕೆ ಮಲಗುತ್ತಾನೆ ಅಂತ ಕೇಳಿದೆ. ತಾಯಿಗೆ ತಕ್ಷಣ ಹೇಳಲು ಬರಲಿಲ್ಲ. ಲೆಕ್ಕ ಹಾಕಿದರೆ ಹನ್ನೊಂದೂವರೆ. ಏಳುವುದು ಆರಕ್ಕೆ, ಯಾಕಂದ್ರೆ ಏಳೂವರೆಗೆ ಸ್ಕೂಲ್ ವ್ಯಾನ್. ಅಂದರೆ ಆರೂವರೆ ತಾಸು. ಆ ವಯಸ್ಸಿನ ಮಗುವಿಗೆ ಬೇಕಾದದ್ದು ಕನಿಷ್ಠ 9 ತಾಸು.

ದಣಿದರೆ ದೊಡ್ಡವರು ಸುಮ್ನೆ ಮೂಲೆ ಹಿಡಿದು ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ. ನಿದ್ದೆ ಕಡಿಮೆಯಾದ ಮಗು ಜಾಸ್ತಿ ಓಡುತ್ತದೆ, ಜಾಸ್ತಿ ಕೂಗುತ್ತದೆ, ಸಣ್ಣದಕ್ಕೆ ಅಳುತ್ತದೆ, ತಮ್ಮನಿಗೆ ಹೊಡೆಯುತ್ತದೆ. ನೋಡಿದವರಿಗೆ ಇದು ಶಕ್ತಿ ಜಾಸ್ತಿ ಆದ ಮಗು ಅನಿಸುತ್ತದೆ. ನಿಜವಾಗಿ ಅದು ನಿದ್ದೆಗೆಟ್ಟ ಮಗು. ಆ ಹುಡುಗನಿಗೆ ನಾನು ಟಾನಿಕ್ ಕೊಡಲಿಲ್ಲ. ಒಂಬತ್ತಕ್ಕೆ ದೀಪ ಆರಿಸಿ ಅಂದೆ, ಅಷ್ಟೇ. ಮೊದಲ ವಾರ ಮನೆಯಲ್ಲಿ ದೊಡ್ಡ ಗಲಾಟೆ. ಮೂರು ವಾರದ ಮೇಲೆ ಬಂದರು. ಹುಡುಗ ಕುರ್ಚಿ ಮೇಲೆ ಕೂತು ನನಗೆ ತನ್ನ ಹೊಸ ಪೆನ್ಸಿಲ್ ತೋರಿಸಿದ. ಚೇಷ್ಟೆ ಈಗಲೂ ಇದೆ, ಇರಲಿ, ಅದು ವಯಸ್ಸು. ಆದರೆ ಆ ಅಳುಮುಖ ಹೋಗಿತ್ತು.

ಹಾಗಾದರೆ ಎಷ್ಟು ನಿದ್ದೆ ಬೇಕು? ಇದನ್ನು ಬೇಕಾದರೆ ಬರೆದುಕೊಳ್ಳಿ. ಹುಟ್ಟಿದ ಕೂಸಿಗೆ ಮೊದಲ ಮೂರು ತಿಂಗಳು ದಿನಕ್ಕೆ 14ರಿಂದ 17 ತಾಸು. ನಾಲ್ಕು ತಿಂಗಳಿಂದ ವರ್ಷ ತುಂಬುವವರೆಗೆ 12ರಿಂದ 16. ಒಂದು, ಎರಡು ವರ್ಷದವರಿಗೆ 11ರಿಂದ 14. ಮೂರರಿಂದ ಐದರವರಿಗೆ, ಅಂದರೆ ನಿಮ್ಮ ಅಂಗನವಾಡಿ ಮಕ್ಕಳಿಗೆ, 10ರಿಂದ 13. ಇಷ್ಟೂ ಹಗಲು ನಿದ್ದೆ ಸೇರಿಸಿ ಹೇಳಿದ ಲೆಕ್ಕ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ತಾಸು. ಹೈಸ್ಕೂಲು, ಪಿಯುಸಿ ಮಕ್ಕಳಿಗೆ 8ರಿಂದ 10. ಈ ಕೊನೆಯದನ್ನು ಹೇಳಿದಾಗ ಮೇಷ್ಟ್ರುಗಳೆಲ್ಲ ಒಬ್ಬರನ್ನೊಬ್ಬರು ನೋಡಿದಿರಿ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳಿ.

ಎಲ್ಲ ಮಕ್ಕಳೂ ಒಂದೇ ಅಲ್ಲ, ಅದಕ್ಕೇ ಒಂದು ಅಂಕಿ ಹೇಳದೆ ಇಷ್ಟರಿಂದ ಇಷ್ಟು ಅಂತ ಹೇಳಿದೆ. ಬೆಳಿಗ್ಗೆ ನೀವು ಎಬ್ಬಿಸದೆ ತಾನೇ ಏಳುತ್ತದೆ, ಹಗಲೆಲ್ಲ ಲವಲವಿಕೆಯಿಂದ ಇರುತ್ತದೆ ಅಂದರೆ ಅದಕ್ಕೆ ನಿದ್ದೆ ಸಾಕಾಗಿದೆ. ನೀರು ಚಿಮುಕಿಸಿ, ಎತ್ತಿ ಕೂರಿಸಿ, ಬೈದು ಎಬ್ಬಿಸಬೇಕು ಅಂದರೆ ಸಾಕಾಗಿಲ್ಲ.

ಇನ್ನು ಸಣ್ಣ ಕೂಸುಗಳ ಮಾತು. ನಿದ್ದೆ ಅಂದರೆ ಮೈ, ತಲೆ ಎರಡೂ ಸುಮ್ಮನಾಗುವುದು ಅಂತ ಬಹಳ ಕಾಲ ಜನ ಅಂದುಕೊಂಡಿದ್ದರು. 1950ರ ಸುಮಾರಿಗೆ ಅಮೆರಿಕದ ಶಿಕಾಗೋದಲ್ಲಿ ಯೂಜಿನ್ ಅಸೆರಿನ್‌ಸ್ಕಿ ಅನ್ನುವ ಸಂಶೋಧನಾ ವಿದ್ಯಾರ್ಥಿ ಇದ್ದ. ತನ್ನ 8 ವರ್ಷದ ಮಗನ ಕಣ್ಣುಗಳ ಪಕ್ಕ ತಂತಿ ಅಂಟಿಸಿ, ಮಲಗಿಸಿ, ರಾತ್ರಿಯೆಲ್ಲ ಯಂತ್ರದ ಮುಂದೆ ಕಾದ. ನಡುರಾತ್ರಿ ಯಂತ್ರದ ಸೂಜಿ ಜೋರಾಗಿ ಓಡಾಡತೊಡಗಿತು. ಮಗ ಎದ್ದನೇನೋ ಅಂತ ಹೋಗಿ ನೋಡಿದರೆ ಹುಡುಗ ಗಾಢ ನಿದ್ದೆಯಲ್ಲಿದ್ದ, ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಮಾತ್ರ ಸರಸರ ಓಡುತ್ತಿದ್ದವು. 1953ರಲ್ಲಿ ಅವನೂ ಅವನ ಗುರು ಕ್ಲೈಟ್‌ಮನ್ ಅವರೂ ಇದನ್ನು ಪ್ರಕಟಿಸಿದರು. ಅದನ್ನೇ ಈಗ ರೆಮ್ ನಿದ್ದೆ ಅನ್ನುತ್ತೇವೆ, ಕನಸಿನ ನಿದ್ದೆ ಅಂತ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಮೆದುಳು ಎದ್ದಿರುವಾಗಿನಷ್ಟೇ ದುಡಿಯುತ್ತಿರುತ್ತದೆ.

ಈಗ ನಿಮ್ಮ ಮಡಿಲಲ್ಲಿರುವ ಕೂಸನ್ನು ನೋಡಿ. ನಿದ್ದೆಯಲ್ಲಿ ತುಟಿ ಚೀಪುತ್ತದೆ, ಮುಖ ಸಿಂಡರಿಸುತ್ತದೆ, ನಗುತ್ತದೆ. ಕೂಸಿನ ಹಣೆಬರಹ ಬರೆಯುವ ಶೆಟಿವಿ ತಾಯಿ ನಗಿಸುತ್ತಾಳೆ, ಅಳಿಸುತ್ತಾಳೆ ಅಂತ ನಮ್ಮ ಅಜ್ಜಿಯರು ಹೇಳುತ್ತಾರಲ್ವಾ, ಅದು ಈ ನಿದ್ದೆಯೇ. ದೊಡ್ಡವರ ನಿದ್ದೆಯಲ್ಲಿ ಇದು ನಾಲ್ಕರಲ್ಲಿ ಒಂದು ಪಾಲು ಇದ್ದರೆ ಹುಟ್ಟಿದ ಕೂಸಿನಲ್ಲಿ ಹತ್ತಿರ ಹತ್ತಿರ ಅರ್ಧ. ಮೆದುಳಿನ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುವ ಕೆಲಸ ಆಗ ಜೋರಾಗಿ ನಡೆದಿರುತ್ತದೆ. ಹಾಗಾಗಿ ನೆಂಟರು ಬಂದರು ಅಂತ ಮಲಗಿದ ಕೂಸನ್ನು ಎಬ್ಬಿಸಿ ತೋರಿಸಬೇಡಿ. ಬಂದವರು ಕಾಯಲಿ, ಇಲ್ಲಾ ಮಲಗಿದ್ದನ್ನೇ ನೋಡಿ ಹೋಗಲಿ. (ಹುಟ್ಟಿದ ಮೊದಲ ದಿನಗಳಲ್ಲಿ, ತೂಕ ಕಡಿಮೆ ಇದ್ದ ಕೂಸನ್ನು ಹಾಲಿಗಾಗಿ ಎಬ್ಬಿಸಿ ಅಂತ ಡಾಕ್ಟರ್ ಹೇಳಿದ್ದರೆ ಅದು ಬೇರೆ, ಅಲ್ಲಿ ಎಬ್ಬಿಸಲೇಬೇಕು.)

ಇನ್ನೊಂದು. ದೊಡ್ಡವರ ನಿದ್ದೆ ಒಂದು ಸುತ್ತು ಬರಲು ಸುಮಾರು ಒಂದೂವರೆ ತಾಸು ಬೇಕು, ಕೂಸಿಗೆ ಒಂದು ತಾಸು ಸಾಕು. ಸುತ್ತು ಮುಗಿದಾಗ ಅದು ಮಿಸುಕಾಡುತ್ತದೆ, ಕುಂಯ್ ಅನ್ನುತ್ತದೆ. ಎದ್ದೇ ಬಿಟ್ಟಿತು ಅಂತ ನಾವು ತಟ್ಟನೆ ಎತ್ತಿಕೊಳ್ಳುತ್ತೇವೆ. ಅರ್ಧ ನಿಮಿಷ ಕಾದರೆ ಎಷ್ಟೋ ಸಲ ಅದು ತಾನೇ ಮುಂದಿನ ಸುತ್ತಿಗೆ ಜಾರುತ್ತದೆ. ಅತ್ತರೆ ಎತ್ತಿಕೊಳ್ಳಿ, ಹಾಲು ಕೊಡಿ, ಅದರಲ್ಲಿ ತಪ್ಪೇನೂ ಇಲ್ಲ. ಮಿಸುಕಿದ ಕೂಡಲೇ ಬೇಡ ಅಂತ ಅಷ್ಟೇ.

"ಹಗಲೆಲ್ಲ ನಿದ್ದಿ, ರಾತ್ರಿಯೆಲ್ಲ ಜಾಗರಣಿ" ಅಂತ ಹೊಸ ತಾಯಂದಿರು ಅಳುತ್ತಾರೆ. ಕೂಸಿಗೆ ಹುಟ್ಟುವಾಗ ಹಗಲು ರಾತ್ರಿ ಗೊತ್ತಿರುವುದಿಲ್ಲ. ಕತ್ತಲಾದಾಗ ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಅದರ ಮೈಯಲ್ಲಿ ಹೊತ್ತಿಗೆ ಸರಿಯಾಗಿ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ತಾಯಿ ಹಾಲೇ ಅದಕ್ಕೆ ಗಡಿಯಾರ, ರಾತ್ರಿಯ ಎದೆಹಾಲಿನಲ್ಲಿ ಈ ಮೆಲಟೋನಿನ್ ಇರುತ್ತದೆ. ನೀವು ಮಾಡಬೇಕಾದದ್ದು, ಬೆಳಿಗ್ಗೆ ಬಾಗಿಲು ತೆಗೆದು ಕೂಸಿಗೆ ಬೆಳಕು ಕಾಣುವಂತೆ ಮಾಡುವುದು, ಹಗಲು ಮಾತಾಡಿಸುವುದು, ರಾತ್ರಿ ಹಾಲು ಕೊಡುವಾಗ ದೊಡ್ಡ ದೀಪ ಹಾಕದಿರುವುದು. ನಮ್ಮ ಕಡೆ ಬಾಣಂತಿ ಕೋಣೆ ಹಗಲೂ ಕತ್ತಲು, ರಾತ್ರಿಯೂ ಕತ್ತಲು. ಗಾಳಿ ತಾಗಬಾರದು ಅನ್ನುವ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಬೆಳಕು ಬರಲಿ.

ಬಾಣಂತಿ ಕೋಣೆಗೆ ಬಂದಿದ್ದೇವೆ, ಸ್ವಲ್ಪ ಅಲ್ಲೇ ನಿಲ್ಲೋಣ. ಏಪ್ರಿಲ್ ತಿಂಗಳು, ಹೊರಗೆ 40 ಡಿಗ್ರಿ ದಾಟಿದೆ. ಕೋಣೆಯಲ್ಲಿ ಕೆಂಡದ ಬುಟ್ಟಿ, ಲೋಬಾನದ ಹೊಗೆ, ಕೂಸಿನ ತಲೆಗೆ ಕುಂಚಿಗೆ, ಕಾಲಿಗೆ ಸಾಕ್ಸ್, ಮೇಲೆ ಎರಡು ದುಬಟಿ. ಕೂಸು ಕೆಂಪಗಾಗಿ ಕಿರಿಕಿರಿ ಅಂತ ಅಳುತ್ತಿರುತ್ತದೆ, ಹೊಟ್ಟೆನೋವು ಅಂತ ಬಜೆ ತೇಯ್ದು ನೆಕ್ಕಿಸುತ್ತಾರೆ. ಅದಕ್ಕೆ ಹೊಟ್ಟೆನೋವಲ್ಲ, ಸೆಕೆ. ಕೂಸಿನ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಕಡಿಮೆ ಮಾಡಿ. ಬೇಸಿಗೆಯಲ್ಲಿ ಮನೆಯೊಳಗೆ ಕುಂಚಿಗೆ ಬೇಡ. ಹೊಗೆ ಬೇಡವೇ ಬೇಡ. ಮಲಗಿದ ಕೂಸಿನ ಮೈ ಬಿಸಿಯಾಗುವುದು ಬರೀ ಕಿರಿಕಿರಿಯ ವಿಷಯವಲ್ಲ. ನಿದ್ದೆಯಲ್ಲಿ ಕಾರಣವಿಲ್ಲದೆ ಕೂಸು ತೀರಿಕೊಳ್ಳುವ ಅಪಾಯವನ್ನು ಅದು ಹೆಚ್ಚು ಮಾಡುತ್ತದೆ.

ಅದೇ ಅಪಾಯಕ್ಕೆ ಇನ್ನೊಂದು ಮಾತು. ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಿ. ಬೋರಲು ಬೇಡ, ಮಗ್ಗುಲೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಮಲಗಿಸಬೇಡಿ ಅಂತ ಹೇಳಿತು, 1994ರಲ್ಲಿ ದೇಶದ ತುಂಬ ಪ್ರಚಾರ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಈ ರೀತಿಯ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಔಷಧಿ ಇಲ್ಲ, ಖರ್ಚಿಲ್ಲ, ಬರೀ ಮಲಗಿಸುವ ರೀತಿ ಬದಲಾಯಿತು. ಕಕ್ಕಿದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಅಂತ ಅಜ್ಜಿಯರು ಹೆದರುತ್ತಾರೆ. ಆರೋಗ್ಯವಾಗಿರುವ ಕೂಸು ಅಂಗಾತ ಇದ್ದಾಗ ತಾನೇ ನುಂಗಿಕೊಳ್ಳುತ್ತದೆ ಅಥವಾ ಕೆಮ್ಮುತ್ತದೆ, ಹೆದರಬೇಡಿ. ಮುಖದ ಹತ್ತಿರ ದಿಂಬು, ಗೊಂಬೆ, ಮೆತ್ತನೆ ಬಟ್ಟೆ ಇರಬಾರದು.

ತೊಟ್ಟಿಲಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕಿನ್ನಾಳದ ಹತ್ತಿರ ನಿಂತು ತೊಟ್ಟಿಲು ಬೇಡ ಅಂತ ಹೇಗೆ ಹೇಳಲಿ! ನನ್ನ ತವರುಮನೆಯಲ್ಲಿ ಒಂದು ಇತ್ತು, ಕಿನ್ನಾಳದ ಚಿತ್ರಗಾರರು ಮಾಡಿದ್ದು. ಕೆಂಪು ಹಳದಿ ಬಣ್ಣ, ನಾಲ್ಕು ಮೂಲೆಗೆ ಗಿಳಿ, ನಡುವೆ ತೂಗುವ ಗೊಂಬೆ. ನಮ್ಮ ಅವ್ವ ಮಲಗಿದ್ದು ಅದರಲ್ಲಿ, ನಾವು ಐದು ಜನ ಮಲಗಿದ್ದು ಅದರಲ್ಲಿ. ಗಟ್ಟಿ ಹಾಸು, ಸಮ ತಳ, ಸುತ್ತ ಕಟಾಂಜನ, ಕೂಸು ಮಲಗಲು ಒಳ್ಳೆಯ ಜಾಗ. ಸೀರೆಯ ಜೋಲಿ ಬೇರೆ. ಅದರಲ್ಲಿ ಕೂಸು ಬಿಲ್ಲಿನ ಹಾಗೆ ಬಾಗುತ್ತದೆ, ಗದ್ದ ಎದೆಗೆ ಒತ್ತಿದರೆ ಉಸಿರಿಗೆ ಕಷ್ಟ. ಹೊಲದಲ್ಲಿ ಬೇವಿನ ಕೊಂಬೆಗೆ ಜೋಲಿ ಕಟ್ಟದೆ ಬೇರೆ ದಾರಿ ಇಲ್ಲ, ಅದು ನನಗೂ ಗೊತ್ತು. ಕಟ್ಟಿದರೆ ಒಬ್ಬರ ಕಣ್ಣು ಅಲ್ಲೇ ಇರಲಿ, ಗದ್ದ ಮೇಲೆ ಇದೆಯಾ ನೋಡುತ್ತಿರಿ, ಕೂಸು ಹೊರಳಲು ಕಲಿತ ಮೇಲೆ ಜೋಲಿ ಬಿಟ್ಟುಬಿಡಿ. ಮತ್ತೆ ಒಂದು ಮಾತು, ದಯವಿಟ್ಟು ಮರೆಯಬೇಡಿ. ದೊಡ್ಡ ಮಕ್ಕಳು ಖಾಲಿ ಜೋಲಿಯಲ್ಲಿ ಗಿರಗಿರ ತಿರುಗಿ ಆಡುವಾಗ ಕುತ್ತಿಗೆಗೆ ಸುತ್ತಿಕೊಂಡು ಜೀವ ಹೋಗುತ್ತದೆ. ಕೂಸು ಎದ್ದ ಕೂಡಲೇ ಜೋಲಿ ಬಿಚ್ಚಿಡಿ.

ಜೋಗುಳ ಹಾಡುತ್ತೀರಾ ಈಗ? ಕೆಲವರು ಮೊಬೈಲಿನಲ್ಲಿ ಜೋಗುಳ ಹಚ್ಚಿ ಪಕ್ಕಕ್ಕೆ ಇಡುತ್ತಾರೆ. ನಿಮ್ಮ ದನಿಯಲ್ಲೇ ಹಾಡಿ, ರಾಗ ಹೇಗಿದ್ದರೂ ಪರವಾಗಿಲ್ಲ. ದಿನಾ ಅದೇ ಹೊತ್ತು, ಅದೇ ದನಿ, ಅದೇ ಹಾಡು ಕೇಳಿದರೆ ಮಗುವಿನ ಮೈಗೆ ಇನ್ನು ಮಲಗುವ ಹೊತ್ತು ಅಂತ ಗೊತ್ತಾಗುತ್ತದೆ. ನಾವು ಡಾಕ್ಟರುಗಳು ಈಗ ಮಲಗುವ ಮುಂಚಿನ ರೂಢಿ ಅಂತ ದೊಡ್ಡದಾಗಿ ಹೇಳುವುದು ಇದನ್ನೇ. ಕೈಕಾಲು ಮುಖ ತೊಳೆಸುವುದು, ಉಣಿಸುವುದು, ದೀಪ ಸಣ್ಣ ಮಾಡುವುದು, ಒಂದು ಹಾಡು ಅಥವಾ ಕತೆ. ಪ್ರತಿ ರಾತ್ರಿ ಅದೇ ಕ್ರಮ. ಇಷ್ಟು ಸಾಕು.

ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್, ನೆಗಡಿ ಸಿರಪ್ ಕೊಡುವವರಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುತ್ತಾರೆ. ಕೊಡಬೇಡಿ. ಅದರಿಂದ ಬರುವುದು ನಿದ್ದೆಯಲ್ಲ, ಮಂಪರು. ಸಣ್ಣ ಕೂಸಿನ ಉಸಿರನ್ನೇ ಅದು ಕುಗ್ಗಿಸಬಹುದು.

ಈಗ ಸ್ವಲ್ಪ ದೊಡ್ಡ ಮಕ್ಕಳಿಗೆ ಬರೋಣ. ರಾತ್ರಿ ಮಲಗಿ ಒಂದೆರಡು ತಾಸಿಗೆ ಮಗು ತಟ್ಟನೆ ಎದ್ದು ಕೂತು ಕಿರುಚುತ್ತದೆ. ಕಣ್ಣು ತೆರೆದಿರುತ್ತದೆ, ಆದರೆ ತಾಯಿಯ ಗುರುತೂ ಸಿಗುವುದಿಲ್ಲ. ಮೈ ಬೆವರು, ಎದೆ ಡವಡವ. ಐದು ಹತ್ತು ನಿಮಿಷ ಹೀಗಿದ್ದು ಮತ್ತೆ ಮಲಗುತ್ತದೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ಇಂಥದ್ದನ್ನು ಕಂಡವರು ಇಲ್ಲಿ ಎಷ್ಟು ಜನ? ಹೂಂ, ಸುಮಾರು ಜನ ಇದ್ದೀರಿ. ಮನೆಯಲ್ಲಿ ಏನು ಮಾಡುತ್ತೀರಿ? ಗಾಳಿ ಸೋಕಿದೆ ಅಂತ ದೃಷ್ಟಿ ತೆಗೆಯುತ್ತೀರಿ, ತಾಯತ ಕಟ್ಟಿಸುತ್ತೀರಿ. ನಿಮ್ಮ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ, ಆದರೆ ಒಳಗೆ ಏನಾಗುತ್ತಿದೆ ಅಂತ ತಿಳಿದಿರಲಿ. ಮಗುವಿನ ಆಳ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ. ಆ ಆಳದಿಂದ ಮೈ ಅರ್ಧ ಎದ್ದು, ಮೆದುಳಿನ ಇನ್ನರ್ಧ ಮಲಗಿಯೇ ಇರುತ್ತದೆ. ಎಬ್ಬಿಸಲು ಹೋಗಬೇಡಿ, ಅಲುಗಾಡಿಸಬೇಡಿ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿರಿ. ನಿದ್ದೆ ಕಡಿಮೆಯಾದ ಮಕ್ಕಳಲ್ಲಿ, ಜ್ವರ ಬಂದಾಗ ಇದು ಜಾಸ್ತಿ. ಜಾತ್ರೆಗೆ ಹೋಗಿ ಎರಡು ರಾತ್ರಿ ನಿದ್ದೆಗೆಟ್ಟ ಮಗು ಮೂರನೇ ರಾತ್ರಿ ಕಿರುಚಿದರೆ ಅದಕ್ಕೆ ಬೇಕಿರುವುದು ನಿದ್ದೆ. ದಿನಾ ಬಂದರೆ, ಅಥವಾ ಕೈಕಾಲು ಸೆಳೆತ ಕಂಡರೆ ಡಾಕ್ಟರ ಹತ್ತಿರ ಬನ್ನಿ.

ಬೆಳೆಯುವ ಹಾರ್ಮೋನು ಅಂತ ಒಂದಿದೆ. ಮಗು ಮಲಗಿ ಆಳ ನಿದ್ದೆಗೆ ಇಳಿದಾಗಲೇ ಅದು ಅತಿ ಹೆಚ್ಚು ಬರುವುದು. ಹಾಲು, ತತ್ತಿ, ಶೇಂಗಾ ಕೊಟ್ಟು ಎತ್ತರ ಬರಲಿ ಅಂತೀರಿ. ಕೊಡಿ. ಜೊತೆಗೆ ಮಲಗಿಸಿ.

ಬೇಸಿಗೆ. ಇದನ್ನು ಬಿಟ್ಟು ನಮ್ಮ ಕಡೆ ನಿದ್ದೆಯ ಮಾತಾಡಲು ಆಗುವುದಿಲ್ಲ. ನಿದ್ದೆ ಬರಬೇಕಾದರೆ ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯಬೇಕು. ನಾನು ಹುಟ್ಟಿದ್ದು ಕುಷ್ಟಗಿ ಸೀಮೆಯ ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆ ಮನೆ. ಸಂಜೆ ಆರಕ್ಕೆ ಮಾಳಿಗೆ ಮೇಲೆ ನೀರು ಚಿಮುಕಿಸುತ್ತಿದ್ದರು, ಊಟ ಮುಗಿಸಿ ಎಲ್ಲರೂ ಕೌದಿ ಹೊತ್ತುಕೊಂಡು ಮೇಲೆ. ಚಿಕ್ಕಿ ಎಣಿಸುತ್ತಾ ಎಣಿಸುತ್ತಾ ನಿದ್ದೆ. ಈಗ ಎಲ್ಲ ಕಡೆ ಆರ್‌ಸಿಸಿ ಸ್ಲ್ಯಾಬು, ಹಗಲೆಲ್ಲ ಕಾದದ್ದು ನಡುರಾತ್ರಿವರೆಗೆ ಕೋಣೆಯೊಳಗೆ ಬಿಸಿ ಉಗುಳುತ್ತದೆ. ರಾಯಚೂರಿನಲ್ಲಿ ನಾನು ಕೆಲಸ ಮಾಡುವಾಗ ಮೇ ತಿಂಗಳಲ್ಲಿ ಬರುತ್ತಿದ್ದ ಕಿರಿಕಿರಿ ಮಕ್ಕಳಲ್ಲಿ ಎಷ್ಟೋ ಮಕ್ಕಳಿಗೆ ನಿದ್ದೆಯದ್ದೇ ಸಮಸ್ಯೆ. ಸ್ಲ್ಯಾಬಿಗೆ ಸುಣ್ಣ ಬಳಿಸಿ, ಸಾಧ್ಯವಾದರೆ ಸಂಜೆ ನೀರು ಹಾಕಿ. ಮಲಗುವ ಮುಂಚೆ ಮಗುವಿಗೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿಸಿ. ಹೊರಗೆ ಮಲಗಿಸಿದರೆ ಸೊಳ್ಳೆ ಪರದೆ ಕಟ್ಟಿ, ಮಾಳಿಗೆಗೆ ಗೋಡೆ ಇಲ್ಲದಿದ್ದರೆ ಮೇಲೆ ಮಲಗಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ, ಪರದೆಯೇ ಒಳ್ಳೆಯದು. ಬೇಸಿಗೆಯಲ್ಲಿ ರಾತ್ರಿ ಕಡಿಮೆಯಾದದ್ದನ್ನು ಸಣ್ಣ ಮಕ್ಕಳು ಮಧ್ಯಾಹ್ನ ಮಲಗಿ ತುಂಬಿಕೊಳ್ಳಲಿ, ಆದರೆ ನಾಲ್ಕರ ಒಳಗೆ ಎಬ್ಬಿಸಿ.

ಸಂಜೆ ಬಗ್ಗೆ. ಬೆಳಿಗ್ಗೆ ಮಗು ಏಳುವುದಿಲ್ಲ ಅಂತ ಬೆಳಿಗ್ಗೆ ಬೈದರೆ ಉಪಯೋಗವಿಲ್ಲ, ಕೆಟ್ಟಿರುವುದು ಹಿಂದಿನ ಸಂಜೆ. ಕಣ್ಣಿಗೆ ಬೆಳಕು ಬಿದ್ದರೆ ಮೆಲಟೋನಿನ್ ಬರುವುದು ತಡವಾಗುತ್ತದೆ, ಸಣ್ಣ ಮಕ್ಕಳ ಕಣ್ಣಿಗೆ ಇದರ ಪರಿಣಾಮ ದೊಡ್ಡವರಿಗಿಂತ ಜಾಸ್ತಿ. ಮೊಬೈಲು ಮುಖದ ಹತ್ತಿರ ಇರುತ್ತದೆ, ಜೊತೆಗೆ ಒಂದಾದ ಮೇಲೊಂದು ರೀಲ್ಸ್, ಮನಸ್ಸು ಇಳಿಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬುವವರೆಗೆ ಮೊಬೈಲು, ಟಿವಿ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ಇಡೀ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಮೊಬೈಲ್ ಕೊಡದೆ ಉಣ್ಣುವುದಿಲ್ಲ ಅಂತೀರಿ. ಹಸಿವಾಗಲು ಬಿಡಿ, ಉಣ್ಣುತ್ತದೆ.

ಆದರೆ ತಾಯಂದಿರಿಗೆ ಇದನ್ನು ಹೇಳಿ ಹೋಗುವುದು ಸುಲಭ. ನೀವು ಐದಕ್ಕೆ ಎದ್ದು ರೊಟ್ಟಿ ಬಡಿದು, ಹತ್ತಿ ಬಿಡಿಸಲು ಇಲ್ಲಾ ಮೆಣಸಿನಕಾಯಿ ಹರಿಯಲು ಹೋಗಿ, ಸಂಜೆ ಆರೂವರೆಗೆ ಬಂದು ಮತ್ತೆ ಒಲೆ ಮುಂದೆ ಕೂರುತ್ತೀರಿ. ಆ ಎರಡು ತಾಸು ಮಗುವನ್ನು ಹಿಡಿದಿಡುವುದು ಮೊಬೈಲು ಮಾತ್ರ. ಮನೆಯಲ್ಲಿ ಗಂಡಸರು ಇರುತ್ತಾರಲ್ವಾ? ಆ ಎರಡು ತಾಸು ಮಗು ಅವರ ಜೊತೆ ಇರಲಿ. ಅಂಗಳದಲ್ಲಿ ಆಡಲಿ, ಕಟ್ಟೆ ಮೇಲೆ ಕೂತು ಕತೆ ಕೇಳಲಿ. ಮತ್ತೆ ಊಟ. ಇಡೀ ಮನೆ ಒಂಬತ್ತೂವರೆಗೆ ಉಂಡರೆ ಉಣ್ಣಲಿ, ಮಗುವಿಗೆ ಮಾತ್ರ ಏಳೂವರೆಗೆ ಮಧ್ಯಾಹ್ನದ ಅನ್ನವಾದರೂ ಸರಿ, ಬಿಸಿ ಮಾಡಿ ಉಣಿಸಿ. ಒಟ್ಟಿಗೆ ಉಣ್ಣಬೇಕು ಅಂತ ಮಗುವನ್ನು ಕಾಯಿಸಬೇಡಿ.

ಈಗ ಮೇಷ್ಟ್ರುಗಳ ಮಾತು. ಇದನ್ನು ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ನನ್ನ ಮಗ ಐದನೇ ತರಗತಿಯಲ್ಲಿದ್ದ. ನವೋದಯ ಪರೀಕ್ಷೆಗೆ ಅಂತ ಒಂದು ಕೋಚಿಂಗಿಗೆ ಹಾಕಿದೆವು, ಬೆಳಿಗ್ಗೆ ಐದೂವರೆಗೆ ಬ್ಯಾಚು. ನಾಲ್ಕೂ ಮುಕ್ಕಾಲಿಗೆ ಎಬ್ಬಿಸುತ್ತಿದ್ದೆ, ಮಲಗುತ್ತಿದ್ದದ್ದು ಹತ್ತಕ್ಕೆ. ಒಂದು ತಿಂಗಳಲ್ಲಿ ತಲೆನೋವು ಅನ್ನತೊಡಗಿದ. ಗೊತ್ತಿರುವ ಭಾಗಾಕಾರ ತಪ್ಪು ಮಾಡಿ ಪುಸ್ತಕದ ಮೇಲೆ ತಲೆ ಇಟ್ಟು ಅಳುತ್ತಿದ್ದ. ಅಲ್ಲಿ ಹೇಳಿದರೆ "ರೂಢಿ ಆಗುತ್ತೆ ಬಿಡ್ರಿ ಮೇಡಂ" ಅಂದರು. ನಾನೂ ಹೂಂ ಅಂದೆ. ಹತ್ತು ವರ್ಷದ ಮಗು ಆರು ಮುಕ್ಕಾಲು ತಾಸು ಮಲಗುತ್ತಿದೆ ಅಂತ ಬೇರೆ ತಾಯಂದಿರಿಗೆ ಬುದ್ಧಿ ಹೇಳುವ ನಾನು ಎರಡು ತಿಂಗಳು ನನ್ನ ಮಗನ ನಿದ್ದೆ ಕಿತ್ತುಕೊಂಡೆ. ಆ ನೋವು ಈಗಲೂ ಇದೆ. ಆಮೇಲೆ ಬಿಡಿಸಿದೆವು. ಸೀಟು ಸಿಗಲಿಲ್ಲ. ಹುಡುಗ ಮತ್ತೆ ನಗತೊಡಗಿದ, ನನಗೆ ಅಷ್ಟು ಸಾಕಾಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಗೆ ಅಂತ ಪೇಪರಿನಲ್ಲಿ ಬರುತ್ತದೆ, ಒತ್ತಡ ನಿಮ್ಮ ಮೇಲೆ ಬೀಳುತ್ತದೆ. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವ ಶಿಕ್ಷಕರನ್ನು ನಾನು ನೋಡಿದ್ದೇನೆ. ತಮ್ಮ ನಿದ್ದೆ ಬಿಟ್ಟು ಮಾಡುತ್ತಾರೆ, ಅವರ ಕಾಳಜಿಗೆ ಕೈ ಮುಗಿಯುತ್ತೇನೆ. ಆದರೆ ನೋಡಿ. ಹದಿನೈದರ ಹೊತ್ತಿಗೆ ಮೈಯೊಳಗಿನ ಗಡಿಯಾರ ಒಂದೆರಡು ತಾಸು ತಡವಾಗಿ ನಡೆಯುತ್ತದೆ, ಎಂಟೂವರೆಗೆ ಮಲಗು ಅಂದರೂ ಆ ವಯಸ್ಸಿಗೆ ನಿದ್ದೆ ಬರುವುದಿಲ್ಲ. ಅದು ಸೋಮಾರಿತನ ಅಲ್ಲ. ಹನ್ನೊಂದಕ್ಕೆ ಮಲಗಿದ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸಿದರೆ ಐದೇ ತಾಸು. ಆಗಲೇ ಹೇಳಿದ ಕನಸಿನ ನಿದ್ದೆ ಇದೆಯಲ್ಲ, ಅದು ಜಾಸ್ತಿ ಬರುವುದು ಬೆಳಗಿನ ಜಾವ. ಅದನ್ನೇ ಕತ್ತರಿಸಿದಂತಾಯಿತು. ಹಗಲು ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. ನಿದ್ದೆ ಕಿತ್ತು ಓದಿಸಿದರೆ ತೂತು ಬಿದ್ದ ಕೊಡಕ್ಕೆ ನೀರು ಹಾಕಿದ ಹಾಗೆ.

ಮೇಷ್ಟ್ರೇ, ನಾನು ಕೇಳುವುದಿಷ್ಟು. ಬೆಳಿಗ್ಗೆ ನಾಲ್ಕರ ಫೋನನ್ನು ರಾತ್ರಿ ಹತ್ತಕ್ಕೆ ಬದಲಾಯಿಸಿ. ಹತ್ತಕ್ಕೆ ಫೋನ್ ಮಾಡಿ "ಪುಸ್ತಕ ಮುಚ್ಚಿದಿಯಾ, ಮೊಬೈಲ್ ಅವ್ವನ ಕೈಗೆ ಕೊಟ್ಟಿಯಾ, ಮಲಗು" ಅನ್ನಿ. ಆರಕ್ಕೆ ಎದ್ದು ಓದಲಿ. ಒಂದು ವರ್ಷ ನೋಡಿ.

ಬೇಗ ಬೇಗ ಇನ್ನೆರಡು ವಿಷಯ. ಒಂದು, ಗೊರಕೆ. ಮಗು ಗೊರಕೆ ಹೊಡೆದರೆ ಗಾಢ ನಿದ್ದೆ ಅಂತ ಖುಷಿ ಪಡಬೇಡಿ. ನೆಗಡಿ ಇಲ್ಲದಾಗಲೂ ವಾರದಲ್ಲಿ ಮೂರು ನಾಲ್ಕು ರಾತ್ರಿ ಗೊರಕೆ, ಬಾಯಿ ತೆರೆದು ಉಸಿರಾಟ, ನಡುನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆಯುವುದು ಕಂಡರೆ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಗಂಟಲಿನ ಟಾನ್ಸಿಲ್ ದೊಡ್ಡದಾಗಿರಬಹುದು. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ತನ್ನಿ, ಅದರಿಂದ ನಮಗೆ ಬಹಳ ಸಹಾಯ. ಎರಡು, ರಕ್ತಹೀನತೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತ ಕಡಿಮೆ ಇತ್ತು. ಕಬ್ಬಿಣದ ಅಂಶ ಕಡಿಮೆ ಇದ್ದ ಮಗು ರಾತ್ರಿ ಹೊರಳಾಡುತ್ತದೆ, ಕಾಲು ಒದೆಯುತ್ತದೆ, ಕಾಲು ಒತ್ತು ಅನ್ನುತ್ತದೆ. ಸಣ್ಣವರಿಗೆ ಕೊಡುವ ಕಬ್ಬಿಣದ ಸಿರಪ್ಪು, ಶಾಲೆಯ ಗುಲಾಬಿ ಮಾತ್ರೆ, ಹತ್ತು ದಾಟಿದ ಮಕ್ಕಳ ನೀಲಿ ಮಾತ್ರೆ ಇವನ್ನು ಕಿಸೆಯಲ್ಲಿಟ್ಟು ಬಿಸಾಡದೆ ನುಂಗಿಸಿ.

ಗುಳೆ ಹೋಗುವವರ ಬಗ್ಗೆ ಆಶಾ ಅಕ್ಕ ಕೇಳಿದರು. ಬೆಂಗಳೂರಿನ ಕಟ್ಟಡದ ಪಕ್ಕ ತಗಡಿನ ಶೆಡ್ಡು, ರಾತ್ರಿಯೆಲ್ಲ ಕಾಂಕ್ರೀಟ್ ಲಾರಿ, ಫ್ಲಡ್ ಲೈಟು. ಆ ಮಕ್ಕಳಿಗೆ ನಾನು ಯಾವ ರೂಢಿ ಹೇಳಲಿ? ಸಾಧ್ಯವಾದರೆ ಮಗುವನ್ನು ಊರಲ್ಲಿ ಅಜ್ಜಿ ಹತ್ತಿರ, ಇಲ್ಲಾ ಹಾಸ್ಟೆಲಿನಲ್ಲಿ ಬಿಡಿ ಅಂತಷ್ಟೇ ಹೇಳಬಲ್ಲೆ. ಮೊಲೆ ಕುಡಿಯುವ ಕೂಸನ್ನು ಬಿಡಲಾಗುವುದಿಲ್ಲ, ಅದಕ್ಕೆ ತಗಡಿನ ಕಿಟಕಿಗೆ ಒಂದು ದಪ್ಪ ಕೌದಿ ಕಟ್ಟಿ ಬೆಳಕು ತಡೆಯಿರಿ. ಇದಕ್ಕಿಂತ ಒಳ್ಳೆಯ ಉತ್ತರ ಸರ್ಕಾರವೂ ಗುತ್ತಿಗೆದಾರರೂ ಕೊಡಬೇಕು.

ಅಲ್ಲಿ ಕೂತ ಅಜ್ಜಿ ಹೇಳಿದ್ದು ಎಲ್ಲರಿಗೂ ಕೇಳಿಸಿತಾ? "ನಮ್ ಕಾಲ್ದಾಗ ಯಾರ್ ಗಡಿಯಾರ ನೋಡಿ ಮಕ್ಕೊಳ್ತಿದ್ರವಾ, ನಾವೇನ್ ಬೆಳಿಲಿಲ್ಲೇನು?" ಅಜ್ಜಿ, ನಿಮ್ಮ ಕಾಲದಲ್ಲಿ ಏಳಕ್ಕೆ ಕತ್ತಲು, ಚಿಮಣಿ ದೀಪದ ಎಣ್ಣೆ ಉಳಿಸಬೇಕು, ಎಂಟಕ್ಕೆ ಇಡೀ ಓಣಿ ಮಲಗುತ್ತಿತ್ತು. ಕೋಳಿ ಕೂಗಿದಾಗ ಎದ್ದರೂ ಮಗುವಿಗೆ ಒಂಬತ್ತು ತಾಸು ಆಗಿರುತ್ತಿತ್ತು. ಗಡಿಯಾರದ ಕೆಲಸ ಕತ್ತಲೇ ಮಾಡುತ್ತಿತ್ತು. ಈಗ ಆ ಕತ್ತಲನ್ನು ನಾವೇ ಸ್ವಿಚ್ ಒತ್ತಿ ತರಬೇಕು.

ಕೊನೆಗೆ, ಗೇಟಿನ ಹತ್ತಿರ ನಿಂತ ಅಣ್ಣ ಬಹಳ ಹೊತ್ತಿನಿಂದ ಕೈ ಎತ್ತಿದ್ದಾರೆ. ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು, ಮನೆಗೆ ಬರುವುದು ಹತ್ತೂವರೆಗೆ. "ಕೂಸು ಒಂಬತ್ತಕ್ಕ ಮಕ್ಕೊಂಡ್ರ ನಾ ಯಾವಾಗ ನೋಡ್ಲಿರೀ ಮೇಡಂ? ಅದೂ ಅಪ್ಪ ಬರ್ಲಿ ಅಂತ ಕುಂತಿರ್ತದ" ಅಂತ ಕೇಳಿದರು. ಮಗಳಿಗೆ ಐದು ವರ್ಷವಂತೆ.

ಅಣ್ಣ, ಮಗಳು ಕಾಯುವುದು ನಿಮ್ಮ ಮೇಲಿನ ಪ್ರೀತಿಗೆ, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಹತ್ತೂವರೆಗೆ ನಿಮಗೆ ಸಿಗುವುದು ಕಣ್ಣು ಎಳೆಯುತ್ತಿರುವ, ಹಟ ಮಾಡುವ ಮಗಳು, ನೀವೂ ದಣಿದಿರುತ್ತೀರಿ. ಈ ಶಿಫ್ಟಿನ ವಾರಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ನಿಮ್ಮದು. ನೀವೇ ಎಬ್ಬಿಸಿ, ನೀವೇ ಸ್ನಾನ ಮಾಡಿಸಿ, ಜಡೆ ಹಾಕಲು ಕಲಿಯಿರಿ, ಕೈ ಹಿಡಿದು ಅಂಗನವಾಡಿವರೆಗೆ ನಡೆಸಿಕೊಂಡು ಹೋಗಿ. ರಾತ್ರಿ ಊಟದ ಬಿಡುವಿನಲ್ಲಿ, ಎಂಟಕ್ಕೆ, ಎರಡು ನಿಮಿಷ ಫೋನ್ ಮಾಡಿ ಮಲಗು ಅಂತ ನಿಮ್ಮ ದನಿಯಲ್ಲೇ ಹೇಳಿ. ಮನೆಗೆ ಬಂದಾಗ ದೊಡ್ಡ ದೀಪ ಹಾಕಬೇಡಿ. ಹತ್ತಿರ ಹೋಗಿ, ಹೊದಿಕೆ ಸರಿ ಮಾಡಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂಡಿ.